ನಿಂತ ಗಾಡಿಯ ಲೆಕ್ಕ

ಹೋದ ವಾರ ಅಕ್ಕನ ಮಗ ಫೋನ್ ಮಾಡಿದ್ದ. ಕೊಪ್ಪಳ ಕಡೆಯ ಒಂದು ಕಾರ್ಖಾನೆ ಮುಂದೆ ಪಾಳಿಯಲ್ಲಿ ನಿಂತಿದ್ದಾನಂತೆ, ಎರಡು ದಿನ ಆಯಿತಂತೆ, ಗಾಡಿ ಒಳಗೇ ಹೋಗಿಲ್ಲ. "ಮಾಮಾ, ಬ್ಯಾಸರ ಆಗೈತಿ. ಸಿಂಧನೂರಾಗ ಒಬ್ಬ ಏಜೆಂಟ್ ಅದಾನ, ಒಂದೂವರೆ ಲಕ್ಷ ಕೊಟ್ರ ದುಬೈಗೆ ಕಳಸ್ತಾನಂತ. ನಿನ್ನಂಗ ನಾನೂ ಬಂದುಬಿಡ್ಲೇನು?" ಅಂದ.

ನಾನು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಆ ಎರಡು ದಿನಕ್ಕೆ ನಿನಗೆ ಎಷ್ಟು ಕೊಡ್ತಾರೆ?" ಅಂತ ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ತಲೆಗೆ ಹೋಗಲಿಲ್ಲ.

"ನಿಂತಿದ್ದಕ್ಕ ಯಾರು ಕೊಡ್ತಾರ ಮಾಮಾ?"

ನಮ್ಮ ಕಡೆ ಲಾರಿ ಡ್ರೈವರ್‌ಗಳು ಕೆಲಸ ಬದಲಾಯಿಸುವಾಗ ಎಲ್ಲಾ ಲೆಕ್ಕ ಹಾಕುತ್ತಾರೆ. ಟ್ರಿಪ್ಪಿಗೆ ಎಷ್ಟು, ಬತ್ತಾ ಎಷ್ಟು, ಗಾಡಿ ಹೊಸದೋ ಹಳೆಯದೋ, ಓನರ್ ಕೈ ಬಿಗಿಯೋ ಸಡಿಲವೋ. ಗಾಡಿ ನಿಂತಾಗ ಹೋಗುವ ದಿನ ಯಾರದು ಅನ್ನೋ ಲೆಕ್ಕ ಮಾತ್ರ ಯಾರೂ ಹಾಕಲ್ಲ. ನಾನೂ ಹಾಕಿರಲಿಲ್ಲ.

ಅವನ ಲೆಕ್ಕವನ್ನೇ ತಗೊಳ್ಳಿ. ಕೊಪ್ಪಳದಿಂದ ಕಬ್ಬಿಣ ತುಂಬಿ ಚೆನ್ನೈಗೆ ಹೋಗಿ ಬಂದರೆ ಅವನಿಗೆ 5,500 ರೂಪಾಯಿ. ಮೂರು ದಿನದ ಕೆಲಸ ಅಂತ ಅವನು ಹೇಳುತ್ತಾನೆ, ಅಂದರೆ ದಿನಕ್ಕೆ 1,800ರ ಮೇಲೆ, ಕೇಳೋಕೆ ಚೆನ್ನಾಗಿಯೇ ಇದೆ. ಆದರೆ ಲೋಡಿಗೆ ಎರಡು ದಿನ, ಅಲ್ಲಿ ಅನ್‌ಲೋಡಿಗೆ ಒಂದು ದಿನ ಸೇರಿಸಿದರೆ ಆರು ದಿನವಾಯಿತು. ದಿನಕ್ಕೆ 900 ಚಿಲ್ಲರೆ. ಅದರಲ್ಲಿ ಊಟ, ಚಹಾ, ಸ್ನಾನ ಅಂತ ಢಾಬಾದಲ್ಲಿ 300 ಹೋಗುತ್ತದೆ. ಉಳಿದದ್ದು 600 ಚಿಲ್ಲರೆ. ಅವನ ಅಣ್ಣ ಸಿರುಗುಪ್ಪದಲ್ಲಿ ಗೌಂಡಿ ಕೆಲಸ ಮಾಡುತ್ತಾನೆ, ದಿನಕ್ಕೆ 900 ತಗೊಂಡು ಸಂಜೆ ಮನೆಯಲ್ಲಿ ಬಿಸಿ ರೊಟ್ಟಿ ತಿನ್ನುತ್ತಾನೆ. ಇದನ್ನ ಹೇಳಿದ್ದಕ್ಕೆ ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅವನು ಹೊಸಪೇಟೆ ದಾಟಿಲ್ಲ ಬಿಡು ಮಾಮಾ" ಅಂದ. ಡ್ರೈವರ್ ಅಂದ ಮೇಲೆ ಈ ಗತ್ತು ಇರಬೇಕು, ನನಗೂ ಇತ್ತು.

ನನ್ನ ಕಥೆ ಸಂಡೂರಿನದು. 2000ದ ದಶಕದ ಅದಿರಿನ ಕಾಲ. ಚೀನಾದವರು ಎಷ್ಟು ಕೊಟ್ಟರೂ ಕೊಳ್ಳುತ್ತಿದ್ದರು, ಗುಡ್ಡದಿಂದ ಇಳಿದ ಮಣ್ಣು ಬೇಲೆಕೇರಿ, ಕಾರವಾರ, ಆ ಕಡೆ ಕೃಷ್ಣಪಟ್ಟಣಂ ಬಂದರಿಗೆ ಹಗಲೂ ರಾತ್ರಿ ಓಡುತ್ತಿತ್ತು. ರಸ್ತೆ ಕೆಂಪು, ಮರ ಕೆಂಪು, ಹೊಲದ ಬೆಳೆ ಕೆಂಪು, ತಾಯಿ ಒಗೆದು ಹಾಕಿದ ಬಿಳಿ ಪಂಚೆಯೂ ಸಂಜೆಗೆ ಕೆಂಪು. ಆಗ ಹತ್ತು ಚಕ್ರದ ಗಾಡಿಗೆ ಸರಕು ಸೇರಿ ಒಟ್ಟು ತೂಕ 25 ಟನ್ ಅಂತ ಕಾನೂನು ಇತ್ತು, 2018ರಲ್ಲಿ ಅದನ್ನ 28.5 ಟನ್ ಮಾಡಿದರು. ನಾವು ಹಾಕುತ್ತಿದ್ದದ್ದನ್ನ ಇಲ್ಲಿ ಬರೆಯಲ್ಲ, ಗಾಡಿಯ ಸ್ಪ್ರಿಂಗ್ ಪಟ್ಟಿಗಳಿಗೆ ಗೊತ್ತು. ಟ್ರಿಪ್ ಜಾಸ್ತಿ ಹೊಡೆದಷ್ಟೂ ದುಡ್ಡು, ಹಾಗಾಗಿ ನಿದ್ದೆ ಅನ್ನೋದು ನಷ್ಟದ ಬಾಬತ್ತು. 2009ರಲ್ಲಿ ನಾನು ಫೈನಾನ್ಸ್ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಲಾರಿ ತಗೊಂಡೆ. ಹುಲಿಗೆಮ್ಮನ ಹತ್ತಿರ ಪೂಜೆ ಮಾಡಿಸಿ, ನಿಂಬೆಹಣ್ಣು ಕಟ್ಟಿ, ನಾನೂ ಓನರ್ ಅಂತ ಮೀಸೆ ತಿರುವಿದೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಎರಡೇ ದಿನಕ್ಕೆ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನ ಸುಪ್ರೀಂ ಕೋರ್ಟ್ ನಿಲ್ಲಿಸಿತು.

ನಿಲ್ಲಿಸಿದ್ದು ತಪ್ಪು ಅನ್ನಲ್ಲ. ಆ ಗುಡ್ಡಗಳನ್ನ ಕಣ್ಣಾರೆ ಕಂಡವನು ನಾನು. ಆದರೆ ಗಾಡಿ ನಿಂತರೂ ಕಂತು ನಿಲ್ಲಲ್ಲ, ಅಲ್ವಾ? ಆರು ತಿಂಗಳು ಹೊಲದ ಬದಿಗೆ ನಿಲ್ಲಿಸಿದ ಗಾಡಿಯನ್ನ ಕೊನೆಗೆ ಫೈನಾನ್ಸಿನವರು ಬಂದು ಎತ್ತಿಕೊಂಡು ಹೋದರು. ಗಣಿಗಳು ಆಮೇಲೆ ಒಂದೊಂದಾಗಿ ತೆರೆದವು, ಇ-ಹರಾಜು ಬಂತು, ವರ್ಷಕ್ಕೆ ಇಷ್ಟೇ ಟನ್ ಅಂತ ಮಿತಿ ಬಂತು, ಗುಡ್ಡದಿಂದ ಕಾರ್ಖಾನೆಗೆ ಪೈಪ್ ಕನ್ವೇಯರ್ ಕೂಡ ಬಂತು. ಕನ್ವೇಯರ್‌ಗೆ ಬತ್ತಾ ಕೊಡಬೇಕಿಲ್ಲ, ನಿದ್ದೆಯೂ ಬರಲ್ಲ. ನಾನು 2013ರಲ್ಲಿ ಈ ಕಡೆ, ಯುಎಇಯ ರಾಸ್ ಅಲ್ ಖೈಮಾಕ್ಕೆ ಬಂದೆ.

ರಾಸ್ ಅಲ್ ಖೈಮಾ ಅಂದರೆ ದುಬೈ ಅಲ್ಲ. ಗಾಜಿನ ಕಟ್ಟಡದ ಫೋಟೋ ನೋಡಿ ಊರಿನವರು ಏನೇನೋ ಅಂದುಕೊಳ್ಳುತ್ತಾರೆ. ಇಲ್ಲಿ ಬೆಟ್ಟ ಇದೆ, ಬೆಟ್ಟ ಒಡೆಯುವ ಕಲ್ಲು ಗಣಿಗಳಿವೆ, ಆ ಕಲ್ಲನ್ನ ಸಕರ್ ಬಂದರಿಗೆ ಹೊರುವ ಲಾರಿಗಳಿವೆ. ಅದರಲ್ಲಿ ಒಂದನ್ನ ಓಡಿಸೋನು ನಾನು. ಸಂಡೂರಿನ ಕೆಂಪು ಧೂಳು ತೊಳೆದುಕೊಂಡು ಬಂದು ಇಲ್ಲಿ ಬಿಳಿ ಧೂಳು ಮೆತ್ತಿಕೊಂಡೆ, ಅಷ್ಟೇ. ಊರಿನ ಹೆವಿ ಲೈಸೆನ್ಸ್ ಇಲ್ಲಿ ನಡೆಯಲ್ಲ. ಹದಿನೈದು ವರ್ಷ ಗಾಡಿ ಓಡಿಸಿದವನು ಮತ್ತೆ ಶಾಲೆಗೆ ಹೋದ ಹಾಗೆ ಕೂತು ಕಲಿತು, ಥಿಯರಿ ಪರೀಕ್ಷೆಯನ್ನ ಹಿಂದಿಯಲ್ಲಿ ಬರೆದು, ರೋಡ್ ಟೆಸ್ಟಿನಲ್ಲಿ ಎರಡು ಸಲ ಫೇಲ್ ಆದೆ. ಕನ್ನಡಿ ನೋಡಲಿಲ್ಲ ಅಂತ ಒಂದು ಸಲ. ಇನ್ನೊಂದು ಸಲ, ನಗಬೇಡಿ, ಸುಮ್‌ಸುಮ್ನೆ ಹಾರ್ನ್ ಹೊಡೆದೆ ಅಂತ. ಲೈಸೆನ್ಸಿಗೆ ಹತ್ತಿರ ಹತ್ತಿರ ಆರು ಸಾವಿರ ದಿರ್ಹಾಮ್ ಆಯಿತು. ಕಂಪನಿಯವರು ಕಟ್ಟಿ, ಸಂಬಳದಲ್ಲಿ ಕಂತಾಗಿ ಹಿಡಿದುಕೊಂಡರು. ಮೊದಲ ಒಂದು ವರ್ಷ ಅಕ್ಕನಿಗೂ ಗೊತ್ತಿಲ್ಲದ ಹಾಗೆ ಬೆಲ್ಟ್ ಬಿಗಿ ಮಾಡಿಕೊಂಡು ಬದುಕಿದೆ.

ಈಗ ಹೋಲಿಸಿ ನೋಡೋಣ. ನನ್ನ ಬೇಸಿಕ್, ಅಂದರೆ ಮೂಲ ಸಂಬಳ, 1,400 ದಿರ್ಹಾಮ್. ಅದರ ಮೇಲೆ ಟ್ರಿಪ್ ದುಡ್ಡು. ಒಳ್ಳೆ ತಿಂಗಳಲ್ಲಿ ಒಟ್ಟು 3,200, ಕೆಟ್ಟ ತಿಂಗಳಲ್ಲಿ 2,400. ಊಟ ಫೋನಿಗೆ 550 ತೆಗೆದರೆ ಒಳ್ಳೆ ತಿಂಗಳಲ್ಲಿ 2,650 ಉಳಿಯುತ್ತದೆ. ದಿರ್ಹಾಮಿಗೆ 24 ರೂಪಾಯಿ ಹಿಡಿದರೆ 63 ಸಾವಿರದ ಮೇಲೆ. ಇದನ್ನ ಕೇಳಿಯೇ ಅಳಿಯನಿಗೆ ಕಣ್ಣು ಕುಕ್ಕಿದ್ದು. ಬಂದರಿನ ಮುಂದೆ ಇಲ್ಲೂ ಪಾಳಿ ಇರುತ್ತದೆ, ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ನಿಂತ ದಿನ ನನ್ನ ಟ್ರಿಪ್ ದುಡ್ಡೂ ಹೋಗುತ್ತದೆ. ಆದರೆ ಬೇಸಿಕ್ ನಿಲ್ಲಲ್ಲ, ರೂಮು ಕಂಪನಿಯದು, ಸಂಬಳ ಬ್ಯಾಂಕಿಗೇ ಬರುತ್ತದೆ. 2009ರಿಂದ ಇಲ್ಲಿ ಸಂಬಳ ಬ್ಯಾಂಕಿನ ಮೂಲಕವೇ ಕೊಡಬೇಕು ಅಂತ ಸರ್ಕಾರದ ವ್ಯವಸ್ಥೆ ಇದೆ, ತಪ್ಪಿಸಿದರೆ ಅವರಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ಓನರ್ ಕೈಯಿಂದ ಕೈಗೆ ಕೊಡುತ್ತಾನೆ. ಕೊಡುವ ಮುಂಚೆ ಡೀಸೆಲ್ ಆವರೇಜ್ ಬರಲಿಲ್ಲ, ಸರಕು ಕಮ್ಮಿ ಬಂತು, ತಾಡಪತ್ರಿ ಹರಿಯಿತು ಅಂತ ಒಂದೊಂದೇ ನೋಟು ಹಿಂದಕ್ಕೆ ಎಳೆದುಕೊಳ್ಳುತ್ತಾನೆ.

ನಮ್ಮಲ್ಲಿ ಕಾನೂನು ಇರಲಿಲ್ಲ ಅಂತಲ್ಲ. 1961ರಲ್ಲೇ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಬಂದಿತ್ತು, ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ. ಐದು ಜನ ಕೆಲಸಗಾರರಾದರೂ ಇರೋ ಕಡೆ ಅದು ಲಾಗೂ ಆಗುತ್ತಿತ್ತು. ನಮ್ಮ ಕಡೆಯ ಓನರ್ ಅಂದರೆ ಎರಡು ಲಾರಿ, ಇಬ್ಬರು ಡ್ರೈವರು, ಒಬ್ಬ ಮೈದುನ. ಆ ಕಾಯಿದೆಯ ಹೆಸರನ್ನೂ ನಾವ್ಯಾರೂ ಕೇಳಿರಲಿಲ್ಲ.

ಬಿಸಿಲಿನ ವಿಷಯ ಇನ್ನೂ ಮಜಾ. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಸರ್ಕಾರಿ ಆಫೀಸುಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ 1.30 ಅಂತ ಟೈಮ್ ಬದಲಾಗುತ್ತದೆ, ಒಳ್ಳೆಯದೇ. ಅದೇ ಹೊತ್ತಿಗೆ ಕಾರಟಗಿಯ ರೈಸ್ ಮಿಲ್ಲಿನಲ್ಲಿ ಹಮಾಲರು ಚೀಲ ಹೊರುತ್ತಿರುತ್ತಾರೆ, ಡ್ರೈವರ್ ಗಾಡಿಯ ಕೆಳಗೆ ಗೋಣಿತಾಟು ಹಾಸಿಕೊಂಡು ಮಲಗಿರುತ್ತಾನೆ. ಬಿಸಿಲು ಅವರಿಗೆ ಬೇರೆ ಇರುತ್ತದಾ? ಹೊಸ ಲಾರಿಗಳ ಕ್ಯಾಬಿನ್‌ಗೆ ಈಗ ಎಸಿ ಕಡ್ಡಾಯ ಆಗಿದೆ ಅಂತ ಖುಷಿ ಪಡಬಹುದು. ಆದರೆ ನಿಂತ ಗಾಡಿಯಲ್ಲಿ ಎಸಿ ಹಾಕಿದರೆ ಸುಡುವ ಡೀಸೆಲ್ ಯಾರ ಲೆಕ್ಕಕ್ಕೆ ಬರುತ್ತದೆ ನೋಡಬೇಕು. ನನಗಂತೂ ಗೊತ್ತಿದೆ ಅನಿಸುತ್ತದೆ.

ಹಾಗಂತ ಇಲ್ಲಿನವರು ಧರ್ಮಾತ್ಮರಲ್ಲ. ಜಾಣತನ ಎಲ್ಲಿದೆ ಅಂದರೆ ಬೇಸಿಕ್‌ನಲ್ಲಿದೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ನನ್ನ 1,400ಕ್ಕೆ ಹನ್ನೆರಡು ವರ್ಷಕ್ಕೆ 14,700 ದಿರ್ಹಾಮ್ ಆಗುತ್ತದೆ, ಮೂರೂವರೆ ಲಕ್ಷ ರೂಪಾಯಿ. ಒಟ್ಟು ಸಂಬಳ ಇಷ್ಟೇ ಇದ್ದು ಬೇಸಿಕ್ 2,400 ಅಂತ ಬರೆದಿದ್ದರೆ 25,200 ಆಗುತ್ತಿತ್ತು, ಆರು ಲಕ್ಷ. ಸಹಿ ಹಾಕುವ ದಿನ ನಾನು ಕೆಳಗಿನ ಮೊತ್ತ ನೋಡಿದೆ, ಮೇಲಿನ ಸಾಲು ನೋಡಲಿಲ್ಲ. ಎರಡೂವರೆ ಲಕ್ಷದ ತಪ್ಪು ಅದು. ಯಾರೂ ಮೋಸ ಮಾಡಲಿಲ್ಲ, ಓದಿಸಿಯೇ ಸಹಿ ತಗೊಂಡರು.

ರಸ್ತೆ ದಂಡವೂ ಇದೆ. ನಮ್ಮ ಕಂಪನಿಯಲ್ಲಿ ಅದು ಡ್ರೈವರ್ ಸಂಬಳದಿಂದಲೇ ಹೋಗುತ್ತದೆ. ತಪ್ಪು ಮಾಡಿದಾಗ ಲೈಸೆನ್ಸ್ ಮೇಲೆ ಬೀಳುವ ಬ್ಲಾಕ್ ಪಾಯಿಂಟ್ 24 ಆದರೆ ಲೈಸೆನ್ಸ್ ಅಮಾನತು, ಲೈಸೆನ್ಸ್ ಇಲ್ಲದ ಡ್ರೈವರ್‌ಗೆ ಇಲ್ಲಿ ಏನು ಕೆಲಸ? ಅಪಘಾತವಾದರೆ ಜನ ಗುಂಪು ಕಟ್ಟಿ ಹೊಡೆಯಲ್ಲ, ಗಾಡಿಗೆ ಬೆಂಕಿ ಹಚ್ಚಲ್ಲ, ಅದೊಂದು ಭಯ ನನಗೆ ಇಲ್ಲಿ ಬಂದ ಮೇಲೆ ಹೋಯಿತು. ಊರಲ್ಲಿ ರಾತ್ರಿ ಹೊತ್ತು ಹಳ್ಳಿ ದಾಟುವಾಗ ಒಂದು ಆಡು ಅಡ್ಡ ಬಂದರೂ ಎದೆ ಹೊಡೆದುಕೊಳ್ಳುತ್ತಿತ್ತು. 2024ರ ಜನವರಿಯಲ್ಲಿ ಅಪಘಾತ ಮಾಡಿ ಓಡಿಹೋದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ಅನ್ನೋ ಹೊಸ ಕಲಮಿನ ವಿರುದ್ಧ ದೇಶದ ಡ್ರೈವರ್‌ಗಳು ಗಾಡಿ ನಿಲ್ಲಿಸಿದ್ದು ನೆನಪಿರಬೇಕು. ನಿಂತರೆ ಜನ ಬಿಡಲ್ಲ, ಓಡಿದರೆ ಕಾನೂನು ಬಿಡಲ್ಲ ಅನ್ನೋದು ಅವರ ಸಂಕಟ. ಆದರೆ ಇಲ್ಲಿ ಬೇರೆ ತರಹದ ಹಗ್ಗ. ಸಾವಾದರೆ ಎರಡು ಲಕ್ಷ ದಿರ್ಹಾಮ್ ದಿಯಾ, ಅಂದರೆ ಸತ್ತವರ ಮನೆಯವರಿಗೆ ಪರಿಹಾರ. ವಿಮೆ ಕಟ್ಟಿದರೂ ಕೇಸು ಕೇಸೇ. ನಮ್ಮ ಕ್ಯಾಂಪಿನ ಒಬ್ಬನ ಪಾಸ್‌ಪೋರ್ಟ್ ಐದು ತಿಂಗಳು ಪೊಲೀಸರ ಹತ್ತಿರ ಇತ್ತು. ಆ ಐದು ತಿಂಗಳಲ್ಲಿ ಅವನ ತಂಗಿ ಮದುವೆ ಆಗಿಹೋಯಿತು, ಅವನು ಅದನ್ನ ಮೊಬೈಲಿನಲ್ಲಿ ನೋಡಿದ.

ಕುಟುಂಬ ಕರೆತರುವ ಮಾತು ಬಿಡಿ. ಅದಕ್ಕೆ ಸಂಬಳ 4,000 ದಿರ್ಹಾಮ್ ಇರಬೇಕು, ಇಲ್ಲಾಂದರೆ 3,000ದ ಜೊತೆಗೆ ಮನೆ ಇರಬೇಕು. ನನ್ನ ಮಗಳಿಗೆ ಈಗ ಹದಿನಾಲ್ಕು. ಅವಳ ಜೊತೆ ನಾನು ಇದ್ದ ದಿನಗಳನ್ನ ಒಟ್ಟು ಹಾಕಿದರೆ ಒಂದೂವರೆ ಎರಡು ವರ್ಷ ಆಗಬಹುದು. ನೋಡಿ, ಇದೂ ನಿಂತ ದಿನವೇ. ಇದರ ಬಾಡಿಗೆಯನ್ನೂ ಯಾರೂ ಕೊಟ್ಟಿಲ್ಲ.

ಇಷ್ಟೆಲ್ಲ ಹೇಳಿ ಅಳಿಯನಿಗೆ ಬೇಡ ಅನ್ನಲಾ? ಇಲ್ಲಿಂದ ದುಡ್ಡು ಕಳಿಸಿ ಮನೆ ಕಟ್ಟಿದವನು ನಾನು, ಇವನಿಗೆ ಮಾತ್ರ ಬರಬೇಡ ಅಂದರೆ ಅಕ್ಕನೇ ನಂಬಲ್ಲ. ಹಾಗಾಗಿ ಬೇಡ ಅನ್ನಲಿಲ್ಲ, ಏಜೆಂಟಿಗೆ ದುಡ್ಡು ಕೊಡಬೇಡ ಅಂದೆ. ಅವನು ಓದಿದ್ದು ಎಂಟನೇ ಕ್ಲಾಸು. ಹತ್ತು ಪಾಸಾಗದವರು ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೋಗಬೇಕಾದರೆ ನಮ್ಮ ಸರ್ಕಾರದ ಅನುಮತಿ ಬೇಕು, ಅದು ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಆಗುತ್ತದೆ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ. ಪ್ರವಾಸಿ ಭಾರತೀಯ ಬಿಮಾ ಅಂತ ಹತ್ತು ಲಕ್ಷದ ವಿಮೆ ಇದೆ, ಎರಡು ವರ್ಷಕ್ಕೆ 275 ರೂಪಾಯಿ. ಒಂದೂವರೆ ಲಕ್ಷ ಕೇಳುವವನು, ಅದರಲ್ಲೂ "ಮೊದಲು ವಿಸಿಟ್ ವೀಸಾ, ಆಮೇಲೆ ನೋಡೋಣ" ಅನ್ನುವವನು, ಇವನನ್ನ ಬೇರೆ ಒಂದು ಗೇಟಿನ ಮುಂದೆ ನಿಲ್ಲಿಸುತ್ತಾನೆ.

ಇನ್ನೊಂದು ಕೆಲಸವೂ ಅವನ ಕೈಯಲ್ಲಿದೆ, ಅದನ್ನ ಮಾತಿನ ಕೊನೆಗೆ ಬಾಯಿಬಿಟ್ಟ. ತೋರಣಗಲ್ಲಿನಲ್ಲಿ ಒಬ್ಬ ಗುತ್ತಿಗೆದಾರನ ಹತ್ತಿರ ಕಾರ್ಖಾನೆ ಒಳಗೇ ಟ್ರೈಲರ್ ಓಡಿಸೋದು. ಎಂಟು ಗಂಟೆ ಪಾಳಿ, 22 ಸಾವಿರ, ಪಿಎಫ್ ಬೇರೆ. "ಅದೂ ಡ್ರೈವಿಂಗ್ ಏನು ಮಾಮಾ, ಗಾಣದ ಎತ್ತಿನಂಗ ಒಳಗ ಒಳಗ ಸುತ್ತೋದು" ಅಂತ ನಕ್ಕ. ನನ್ನ ಅಭಿಪ್ರಾಯ ಕೇಳಿದರೆ ಮೂರರಲ್ಲಿ ಅದೇ ವಾಸಿ. ಕ್ರೇನ್ ಕೆಟ್ಟರೂ, ಗೇಟು ಮುಚ್ಚಿದರೂ, ಗಂಟೆ ಓಡುತ್ತಿರುತ್ತದೆ, ಸಂಬಳವೂ ಓಡುತ್ತಿರುತ್ತದೆ. ಬೆಳಿಗ್ಗೆ ಪಾಳಿ ಮುಗಿಸಿ ಸಂಜೆ ಒಗ್ಗಾಣಿ ಮಿರ್ಚಿ ತಿಂದು ಮನೆಗೆ ಹೋಗಬಹುದು. ಗತ್ತು ಕಮ್ಮಿ, ಒಪ್ಪುತ್ತೇನೆ.

ನಂಬಲಿಲ್ಲ ಅಂತ ಗೊತ್ತಾಯಿತು. ಅದಕ್ಕೇ ಒಂದು ಕೆಲಸ ಹೇಳಿದೆ: ಒಂದು ನೋಟ್‌ಬುಕ್ ಇಟ್ಟುಕೋ, ಪ್ರತಿ ಗೇಟಿನ ಮುಂದೆ ಬಂದ ಟೈಮ್, ಬಿಟ್ಟ ಟೈಮ್ ಬರಿ, ಒಂದೇ ಟ್ರಿಪ್ಪಿಗೆ ಸಾಕು. ನಿನ್ನೆ ರಾತ್ರಿ ವಾಟ್ಸಾಪಿನಲ್ಲಿ ಫೋಟೋ ಬಂತು. ಅಕ್ಷರ ಸೊಟ್ಟ, ಲೆಕ್ಕ ಮಾತ್ರ ಸರಿಯಾಗಿದೆ. ಓಡಿದ್ದು 34 ಗಂಟೆ, ನಿಂತಿದ್ದು 79 ಗಂಟೆ. ಕೆಳಗೆ ಒಂದು ಗೆರೆ ಎಳೆದು, ಅದರ ಕೆಳಗೆ ಬರೆದಿದ್ದ: "ಮಾಮಾ, ಏಜೆಂಟಿಗೆ ಎರಡು ಕಂತಿನಾಗ ಕೊಟ್ರ ನಡೀತೈತೇನು ಕೇಳಿ ಹೇಳು."