ಸ್ಪಷ್ಟನೆ: ಆಸ್ಟ್ರುಡ್ ಜಿಲ್ಬರ್ಟೊ ಒಂದೇ ಹಾಡಿನ ಗಾಯಕಿ ಅಲ್ಲ

ಬ್ರೆಜಿಲ್‌ನ ಬೊಸಾ ನೋವಾ (ಸಾಂಬಾ, ಜಾಝ್ ಬೆರೆತ ಸಂಗೀತ ಶೈಲಿ) ಗಾಯಕಿ ಆಸ್ಟ್ರುಡ್ ಜಿಲ್ಬರ್ಟೊ ‘ದಿ ಗರ್ಲ್ ಫ್ರಮ್ ಇಪನೇಮಾ’ ಹಾಡನ್ನು ತಾವೇ ಬರೆದು ಹಾಡಿದರು, ಆಮೇಲೆ ಹಾಡುವುದನ್ನೇ ಬಿಟ್ಟರು ಎಂಬ ಮೆಸೇಜ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಹಾಡಿನ ರಾಗ ಟಾಮ್ ಜೋಬಿಂ ಅವರದು. ಪೋರ್ಚುಗೀಸ್ ಸಾಹಿತ್ಯ ವಿನಿಸಿಯಸ್ ಡಿ ಮೊರಾಯಿಸ್, ಇಂಗ್ಲಿಷ್ ಸಾಹಿತ್ಯ ನಾರ್ಮನ್ ಗಿಂಬಲ್. 1963ರಲ್ಲಿ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆದಾಗ ಪತಿ ಜುವಾವ್ ಪೋರ್ಚುಗೀಸ್‌ನಲ್ಲಿ, ಆಸ್ಟ್ರುಡ್ ಇಂಗ್ಲಿಷ್‌ನಲ್ಲಿ ಹಾಡಿದರು. ಈ ಹಾಡು ಬಿಡಿಯಾಗಿ, ಅಂದರೆ ಸಿಂಗಲ್ ಆಗಿ ಬಂದಾಗ ಜುವಾವ್ ಹಾಡಿದ ಭಾಗ ತೆಗೆದಿದ್ದರು. ಹಾಗಾಗಿ ಜನರಿಗೆ ಆಸ್ಟ್ರುಡ್ ದನಿಯೇ ಜಾಸ್ತಿ ಪರಿಚಯ.

ಹಾಡುವುದನ್ನು ಬಿಟ್ಟರು ಅನ್ನೋದಂತೂ ಅವರಿಗೆ ಮಾಡುವ ಅನ್ಯಾಯ. 1965ರಲ್ಲಿ ಅವರದೇ ಮೊದಲ ಆಲ್ಬಮ್ ಬಂತು, ಕೊನೆಯದು 2002ರಲ್ಲಿ. 1972ರ ‘ನೌ’ ಆಲ್ಬಮ್‌ನಲ್ಲಿ ಅವರೇ ಬರೆದ ಹಾಡುಗಳೂ ಇವೆ, ಹುಡುಕಿ ಕೇಳಿ.

ಆ ಮೆಸೇಜ್ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.