ಸೈಟ್ ಎಲ್ಲಿಗಾದರೂ ಹೋಗಲಿ, ಹಳೆಯ ಲಿಂಕ್ ಸಾಯಬಾರದು

ಕಳೆದ ವಾರ ನನ್ನ ಸೈಟನ್ನು ಹಳೆಯ ಹೋಸ್ಟಿಂಗ್‌ನಿಂದ ಹೊಸದಕ್ಕೆ ಸಾಗಿಸಿ ಮುಗಿಸಿದೆ. ಹೋಸ್ಟಿಂಗ್ ಅಂದರೆ ಸೈಟಿನ ಫೈಲುಗಳನ್ನು ಇಟ್ಟುಕೊಂಡು ಜನರಿಗೆ ತೋರಿಸುವ ಸೇವೆ. ಹನ್ನೊಂದು ವರ್ಷದಿಂದ ಬರೆದು ಹಾಕಿದ ನಾನೂರು ಚಿಲ್ಲರೆ ಪುಟಗಳು. ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ. ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್, ಒಂದಷ್ಟು ಚಿತ್ರ. "ಸ್ಟ್ಯಾಟಿಕ್ ಸೈಟ್ ತಾನೇ, ಫೋಲ್ಡರ್ ಎತ್ತಿ ಆ ಕಡೆ ಇಟ್ಟರೆ ಆಯಿತು" ಅಂದಿದ್ದರು ಗೆಳೆಯರೊಬ್ಬರು. ಫೋಲ್ಡರ್ ಎತ್ತಿಡಲು ಹತ್ತು ನಿಮಿಷ ಸಾಕಾಯಿತು. ಉಳಿದದ್ದಕ್ಕೆ ಆರು ದಿನ ಹಿಡಿಯಿತು, ಅದರಲ್ಲಿ ಐದು ದಿನ ಹೋಗಿದ್ದು ಹಳೆಯ ಲಿಂಕುಗಳನ್ನು ಉಳಿಸಿಕೊಳ್ಳುವುದಕ್ಕೆ. ಹೋಸ್ಟಿಂಗ್ ಬದಲಿಸುವ ಎಷ್ಟೋ ಜನ ಈ ಕೆಲಸವನ್ನೇ ಬಿಟ್ಟುಬಿಡುತ್ತಾರೆ, ಅದು ನನಗೆ ನಿಜವಾಗಿ ಬೇಸರದ ವಿಷಯ.

ನಿಮ್ಮ ಪುಟ ಇಷ್ಟವಾಗಿ ಯಾರೋ ಒಬ್ಬರು ಎಂಟು ವರ್ಷದ ಹಿಂದೆ ಅದರ ಲಿಂಕನ್ನು ತಮ್ಮ ಬರಹದಲ್ಲಿ ಹಾಕಿರುತ್ತಾರೆ. ಇನ್ನೊಬ್ಬರು ಬುಕ್‌ಮಾರ್ಕ್ ಮಾಡಿಟ್ಟಿರುತ್ತಾರೆ. ನೀವು ಸೈಟ್ ಸಾಗಿಸಿದ್ದು ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆ ಲಿಂಕ್ ಒತ್ತಿದಾಗ 404, ಅಂದರೆ "ಪುಟ ಸಿಗಲಿಲ್ಲ" ಅಂತ ಬಂದರೆ ಅವರು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ಸುಮ್ನೆ ಟ್ಯಾಬ್ ಮುಚ್ಚಿ ಹೋಗುತ್ತಾರೆ. ಇದು ತಪ್ಪು ಯಾರದ್ದು? ಸಾಗಿಸಿದವರದ್ದೇ ಅಲ್ವಾ?

ಹಳೆಯ ಅಡ್ರೆಸ್ ಹಾಗೇ ಉಳಿಸಿಕೊಳ್ಳಿ, ಆಗಲಿಲ್ಲ ಅಂದರೆ 301 ರಿಡೈರೆಕ್ಟ್ ಹಾಕಿ, ಅಂದರೆ ಹಳೆಯ ಅಡ್ರೆಸ್ಸಿಗೆ ಬಂದವರನ್ನು ತಾನಾಗಿಯೇ ಹೊಸದಕ್ಕೆ ಕಳಿಸುವ ನಿಯಮ. 301 ಅಂದರೆ "ಈ ಪುಟ ಕಾಯಂ ಆಗಿ ಬೇರೆ ಕಡೆ ಹೋಗಿದೆ" ಅಂತ ಅರ್ಥ, 302 ಅಂದರೆ ತಾತ್ಕಾಲಿಕ. ಇಲ್ಲೊಂದು ತೊಡಕಿದೆ. ಹಳೆಯ ಅಪಾಚೆ ಸರ್ವರ್‌ಗಳಲ್ಲಿ ಎಚ್‌ಟಿಎಕ್ಸೆಸ್ ಫೈಲ್‌ನಲ್ಲಿ ಬರೆದ ನಿಯಮಗಳು ಎಲ್ಲ ಕಡೆ ನಡೆಯುವುದಿಲ್ಲ. ಗಿಟ್‌ಹಬ್ ಪೇಜಸ್ ಅನ್ನುವ ಹೋಸ್ಟಿಂಗ್ ಸೇವೆ ಆ ಫೈಲನ್ನು ಓದುವುದೇ ಇಲ್ಲ. ನೆಟ್ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ರಿಡೈರೆಕ್ಟ್‌ಗಳಿಗೆ ಬೇರೆಯದೇ ಒಂದು ಫೈಲ್ ಇದೆ, ಸಾಲಿಗೊಂದು ನಿಯಮ ಬರೆದರೆ ಸಾಕು. ಹೊಸ ಹೋಸ್ಟಿಂಗ್ ಆರಿಸುವಾಗ ಎಷ್ಟು ಜಾಗ, ಎಷ್ಟು ವೇಗ ಅಂತ ನೋಡುವ ಮೊದಲು ಇದನ್ನು ನೋಡಿ. ಇನ್ನು ಕೆಲವರು ಸಿಗದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಓದಲು ಬಂದವರಿಗೆ ಬೇಕಿದ್ದ ಪುಟ ಸಿಗುವುದಿಲ್ಲ, ಅದು ಇಲ್ಲ ಅಂತಲೂ ಗೊತ್ತಾಗುವುದಿಲ್ಲ. ಗೂಗಲ್ ಕೂಡ ಅಂಥದ್ದನ್ನು ಹೆಚ್ಚಾಗಿ 404 ಅಂತಲೇ ಲೆಕ್ಕ ಹಾಕುತ್ತದೆ.

ನನ್ನ ಐದು ದಿನದಲ್ಲಿ ಎರಡು ದಿನ ತಿಂದದ್ದು ಕನ್ನಡ ಹೆಸರಿನ ಫೈಲ್‌ಗಳು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕನ್ನಡದಲ್ಲಿ ಸೈಟ್ ಮಾಡುವವರಿಗೆಲ್ಲ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ. 'ಕೋಗಿಲೆ' ಅನ್ನುವ ಹೆಸರಿನ ಪುಟ ಇದೆ ಅಂದುಕೊಳ್ಳಿ. ಅದರಲ್ಲಿರುವ ಓಕಾರದ ಗುರುತನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸರ್ವರ್‌ಗೆ ಮಾತ್ರ ಎರಡು ಬೇರೆ ಬೇರೆ ಫೈಲ್. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಫೈಲ್ ಹೆಸರುಗಳನ್ನು ಹೀಗೆ ತುಂಡು ಮಾಡಿಯೇ ಇಟ್ಟುಕೊಳ್ಳುತ್ತಿತ್ತು. ನಾನು ಅಂಥ ಡಿಸ್ಕ್‌ನಲ್ಲಿದ್ದ ಪ್ರತಿಯನ್ನೇ ಅಪ್‌ಲೋಡ್ ಮಾಡಿದ್ದೆ. ಫೋಲ್ಡರ್ ತೆರೆದು ನೋಡಿದರೆ ಫೈಲ್ ಇದೆ, ಲಿಂಕಿನಲ್ಲಿ ಹೆಸರು ಸರಿಯಾಗಿದೆ, ಒತ್ತಿದರೆ 404! ಅರ್ಧ ರಾತ್ರಿಯವರೆಗೆ ತಲೆ ಕೆಡಿಸಿಕೊಂಡು, ಕೊನೆಗೆ ಎರಡೂ ಹೆಸರುಗಳನ್ನು ಬೈಟ್ ಬೈಟಾಗಿ ಪಕ್ಕದಲ್ಲಿಟ್ಟು ನೋಡಿದಾಗ ಗೊತ್ತಾಯಿತು. ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳೆಲ್ಲ ಕೂಡಿ ಒಂದೇ ಸಂಕೇತವಾಗುವ ರೂಪಕ್ಕೆ, ತರುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ, ಸರಿಹೋಯಿತು. ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಹಾಕುವ ಕಣ್ಣಿಗೆ ಕಾಣದ ಅಕ್ಷರವೂ ಹೀಗೇ ಕಾಡುತ್ತದೆ, ಫೈಲ್ ಹೆಸರಿನಲ್ಲಿ ಇದ್ದು ಲಿಂಕಿನಲ್ಲಿ ಇಲ್ಲದಿದ್ದರೆ ಮುಗಿಯಿತು.

ಕನ್ನಡ ಹೆಸರೇ ಬೇಡ, ಇಂಗ್ಲಿಷ್ ಹೆಸರಿಡಿ ಅಂತ ಸಲಹೆ ಕೊಡುವವರಿದ್ದಾರೆ. ಯೂನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಲಿಂಕ್ ನಕಲು ಮಾಡಿದಾಗ ಅದು ಪರ್ಸೆಂಟ್ ಗುರುತುಗಳ ಜೊತೆ 9 ಅಕ್ಷರ ಆಗುತ್ತದೆ. ಹಾಗಾಗಿ 'ಕೋಗಿಲೆ' ಅನ್ನುವ ಪುಟ್ಟ ಪದವೇ 54 ಅಕ್ಷರದಷ್ಟು ಉದ್ದ. ಅವರ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೂ ನನ್ನ ಪುಟಗಳ ಹೆಸರು ನನ್ನ ಭಾಷೆಯಲ್ಲೇ ಇರಲಿ ಅನ್ನುವುದು ನನ್ನ ಆಸೆ, ಅದಕ್ಕೆ ಎರಡು ದಿನ ಜಾಸ್ತಿ ಹಿಡಿದರೂ ಪರವಾಗಿಲ್ಲ.

ಡಿಎನ್‌ಎಸ್ ಬಗ್ಗೆ ಎರಡೇ ಮಾತು. ಸೈಟಿನ ಹೆಸರು ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ವ್ಯವಸ್ಥೆ ಅದು. ಬದಲಿಸುವ ಒಂದೆರಡು ದಿನ ಮೊದಲೇ ಟಿಟಿಎಲ್, ಅಂದರೆ ಹಳೆಯ ಉತ್ತರವನ್ನು ಬೇರೆ ಸರ್ವರುಗಳು ನೆನಪಿಟ್ಟುಕೊಳ್ಳುವ ಅವಧಿ, ಇಳಿಸಿಡಿ. ನನ್ನದು 86400 ಸೆಕೆಂಡ್ ಇತ್ತು, ಅಂದರೆ ಪೂರ್ತಿ ಒಂದು ದಿನ, ಅದನ್ನು 300ಕ್ಕೆ ತಂದೆ. ಈ ಮಾಹಿತಿ ಇಟ್ಟುಕೊಳ್ಳುವ ನೇಮ್‌ಸರ್ವರ್ ಬದಲಿಸುವುದಾದರೆ, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡುಗಳನ್ನು ಮರೆಯಬೇಡಿ. ಸೈಟ್ ಚೆನ್ನಾಗಿಯೇ ತೆರೆದುಕೊಳ್ಳುತ್ತಿರುತ್ತದೆ, ಮೇಲ್ ಮಾತ್ರ ಬರುವುದು ನಿಂತಿರುತ್ತದೆ.

ಡೊಮೈನ್, ಅಂದರೆ ಸೈಟಿನ ಅಡ್ರೆಸ್ಸಿನ ಹೆಸರು, ನಿಮ್ಮ ಹೆಸರಿನಲ್ಲೇ ಇರಲಿ, ಆದರೆ ಹೋಸ್ಟಿಂಗ್ ಕೊಡುವವರ ಹತ್ತಿರವೇ ಇಡಬೇಡಿ. ನಾನು ಹಿಂದೆ ಎರಡನ್ನೂ ಒಂದೇ ಕಡೆ ಇಟ್ಟಿದ್ದೆ, ಬಿಡಿಸಿಕೊಳ್ಳಲು ವಾರಗಟ್ಟಲೆ ಮೇಲ್ ಬರೆಯಬೇಕಾಯಿತು. 2009ರಲ್ಲಿ ಜನ ತಮ್ಮ ಪುಟಗಳನ್ನು ಇಟ್ಟುಕೊಂಡಿದ್ದ ಜಿಯೋಸಿಟೀಸ್ ಸೇವೆಯನ್ನು ಯಾಹೂ ಮುಚ್ಚಿದಾಗ ಅಲ್ಲಿದ್ದ ಪುಟಗಳ ಅಡ್ರೆಸ್‌ಗಳೂ ಹೋದವು, ಏಕೆಂದರೆ ಅಡ್ರೆಸ್ ಬರೆದವರದ್ದಾಗಿರಲಿಲ್ಲ. ಸ್ವಂತ ಡೊಮೈನ್ ಇದ್ದರೆ ಯಾವ ಕಂಪನಿ ಮುಚ್ಚಿದರೂ ಅದೇ ಅಡ್ರೆಸ್ಸಿನಲ್ಲಿ ಮತ್ತೆ ನಿಲ್ಲಬಹುದು.

ಹಳೆಯ ಅಕೌಂಟನ್ನು ನಾನು ಇನ್ನೂ ಮುಚ್ಚಿಲ್ಲ. ಮೊದಲು ಅಲ್ಲಿನ ಲಾಗ್ ಫೈಲ್‌ಗಳನ್ನೆಲ್ಲ ಇಳಿಸಿಕೊಂಡೆ. ಯಾವ ಪುಟಕ್ಕೆ ಎಲ್ಲಿಂದ ಜನ ಬರುತ್ತಿದ್ದರು ಅನ್ನುವುದು ಅದರಲ್ಲಿದೆ, ಅಕೌಂಟ್ ಮುಚ್ಚಿದ ಮೇಲೆ ಅದು ಮತ್ತೆ ಸಿಗುವುದಿಲ್ಲ. ಆ ಪಟ್ಟಿ ಹಿಡಿದು ಒಂದೊಂದೇ ಅಡ್ರೆಸ್ ಹೊಸ ಸೈಟಿನಲ್ಲಿ ತೆರೆದು ನೋಡುತ್ತಿದ್ದೇನೆ. ಇನ್ನೂ ಹದಿನೇಳು ಉಳಿದಿವೆ. ನಿಮ್ಮಲ್ಲಿ ಯಾರಿಗಾದರೂ ಕನ್ನಡ ಹೆಸರಿನ ಫೈಲ್‌ಗಳ ತೊಂದರೆ ಇದ್ದರೆ ಕೇಳಿ, ಆ ಸ್ಕ್ರಿಪ್ಟ್ ಕಳಿಸುತ್ತೇನೆ.