ನನ್ನ ಸರಸ್ವತಿಯ ಡಾಬು

ಹವ್ಯಾಸಕ್ಕೆಂದು ಕಲೆ ಕಲಿಯುವವರು ಇನ್ನೊಬ್ಬರೊಂದಿಗೆ ಹೋಲಿಸಿಕೊಳ್ಳಬಾರದು ಎಂದು ಉಪದೇಶಿಸುವವರು ಸಾಮಾನ್ಯವಾಗಿ ಹೋಲಿಕೆಯಲ್ಲಿ ಗೆದ್ದವರೇ ಆಗಿರುತ್ತಾರೆ. ನನಗೆ ಈ ಉಪದೇಶವನ್ನು ಮೊದಲು ಕೊಟ್ಟವಳು ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯ ಭಾನುವಾರದ ತರಗತಿಯಲ್ಲಿ ನನ್ನ ಬಲಗಡೆ ಕೂರುವ ಶಾಲಾ ಹುಡುಗಿ. "ಅಂಕಲ್, ನಿಮ್ಮ ಪಾಡಿಗೆ ನೀವು ಮಾಡ್ಕೊಂಡು ಹೋಗಿ, ನನ್ನದು ನೋಡ್ಬೇಡಿ" ಎಂದು ಕರುಣೆಯಿಂದಲೇ ಹೇಳಿದಳು.

ಜಲವರ್ಣ ಕಲಿಯುವವರಿಗೆ ಇದು ಅಷ್ಟು ಕಷ್ಟವಲ್ಲ. ಅವರ ಮರ ಸೊಟ್ಟಗಾದರೆ ಅದು ಶೈಲಿ, ಬಣ್ಣ ಹರಿದು ಹಬ್ಬಿದರೆ ಅದು ಮಳೆಗಾಲ. ನಮ್ಮಲ್ಲಿ ಹಾಗೆ ನುಣುಚಿಕೊಳ್ಳುವ ದಾರಿಯೇ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿ ಯಾವ ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಏನು, ಮೈಬಣ್ಣ ಯಾವುದು ಎಂಬುದೆಲ್ಲ ಚಿತ್ರಸಹಿತ ಇತ್ಯರ್ಥವಾಗಿಹೋಗಿದೆ. ತರಗತಿಯಲ್ಲಂತೂ ಮೇಡಂ ಕೊಟ್ಟ ಒಂದೇ ರೇಖಾಚಿತ್ರವನ್ನು ಎಲ್ಲರೂ ಟ್ರೇಸ್ ಮಾಡಿಕೊಂಡಿರುತ್ತೇವೆ. ಒಣಗಲೆಂದು ಗೋಡೆಗೆ ಒರಗಿಸಿಟ್ಟ ಸಾಲುಸಾಲು ಸರಸ್ವತಿಯರು ಒಂದೇ ಪ್ರಶ್ನೆಗೆ ಬರೆದ ಉತ್ತರಗಳಂತೆ ಕಾಣುತ್ತಾರೆ. ಯಾರಿಗೆ ಎಷ್ಟು ಅಂಕವೆಂಬುದನ್ನು, ಮಕ್ಕಳನ್ನು ಕರೆದೊಯ್ಯಲು ಬಂದ ಪೋಷಕರು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತು ಹೇಳಬಲ್ಲರು.

ಸಫೇದ ಎಂಬ ಬಿಳಿ ಪುಡಿ, ಗೋಂದು ಮತ್ತು ಮಕ್ಕಿ ಎಂಬ ಹಳದಿಯನ್ನು ಕಲಸಿದ ಲೇಪದಿಂದ ಒಡವೆಗಳನ್ನೂ ಸೆರಗಿನ ಅಂಚನ್ನೂ ಉಬ್ಬಿಸುವ ಕೆಲಸದಲ್ಲಿ ಪ್ರತಿಯೊಬ್ಬರ ಬಂಡವಾಳವೂ ಬಯಲಾಗುತ್ತದೆ. ತಂಜಾವೂರು ಚಿತ್ರಗಳಲ್ಲಿ ಉಬ್ಬು ದಪ್ಪ, ಮೇಲೆ ಕಲ್ಲು ಕೂರಿಸುವುದೂ ಉಂಟು. ಮೈಸೂರಿನದರಲ್ಲಿ ಅದು ಬೆರಳಿಗೆ ಮಾತ್ರ ತಿಳಿಯುವಷ್ಟು ತೆಳುವಾಗಿರಬೇಕು. ನನ್ನ ಸರಸ್ವತಿಯ ಸೊಂಟದ ಡಾಬು ತಂಜಾವೂರನ್ನೂ ದಾಟಿ ಹೋಗಿತ್ತು. ಬಲಗಡೆಯ ಡಾಬನ್ನು ನಾನು ನೋಡಲಿಲ್ಲ, ಉಪದೇಶವಿತ್ತಲ್ಲ. ಎಡಗಡೆ ಕೂರುವ ನಿವೃತ್ತ ಬ್ಯಾಂಕ್ ಅಧಿಕಾರಿಗಳದನ್ನು ಮಾತ್ರ ನೋಡಿದೆ. ಅದು ನನ್ನದಕ್ಕಿಂತಲೂ ದಪ್ಪವಿದ್ದುದರಿಂದ ಇನ್ನೊಮ್ಮೆ ನೋಡಿದೆ. ಮನಸ್ಸಿಗೆ ಬಹಳ ಹಿತವಾಯಿತು. ನಮಗಿಂತ ಹಿಂದಿರುವವರೊಂದಿಗೆ ಹೋಲಿಸಿಕೊಳ್ಳಬೇಡಿ ಎಂದು ಯಾವ ಹಿತೈಷಿಯೂ ಎಚ್ಚರಿಸಿದ್ದನ್ನು ನಾನು ಕೇಳಿಲ್ಲ.

ಮನೆಯಲ್ಲಿ ಸಮಾಧಾನಕ್ಕೆಂದು ಖ್ಯಾತ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಕಥೆ ಹೇಳುತ್ತಾರೆ. ನಮ್ಮ ಮೈಸೂರಿನವರೇ ಆದ ಅವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿತ್ತು. ಹೋಲಿಸಿಕೊಳ್ಳಬೇಡ ಎನ್ನುವುದಕ್ಕೆ ಲಕ್ಷ್ಮಣ್ ಅವರನ್ನೇ ತಂದು ಪಕ್ಕದಲ್ಲಿ ನಿಲ್ಲಿಸುವ ಈ ತರ್ಕ ನನಗಿನ್ನೂ ಬಗೆಹರಿದಿಲ್ಲ.

ತರಗತಿಯಲ್ಲಿ ಹೋಲಿಕೆ ಪೂರ್ತಿ ನಿಲ್ಲುವುದು ಚಿನ್ನದ ರೇಕು ಅಂಟಿಸುವ ದಿನ. ರೇಕು ಉಸಿರಿಗೇ ಹಾರುವುದರಿಂದ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಏಪ್ರಿಲ್ ಸೆಖೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂರುತ್ತೇವೆ. ಪಕ್ಕದವರ ಚಿತ್ರ ನೋಡಲು ಕತ್ತು ತಿರುಗಿಸಿದರೂ ಗಾಳಿಯಾದೀತೆಂಬ ಭಯ. ಅಂಥ ಹೊತ್ತಿನಲ್ಲಿ ಬ್ಯಾಂಕ್ ಅಧಿಕಾರಿಗಳು ಸೀನಿದರು. ವೀಣೆಗೆಂದು ಕತ್ತರಿಸಿಟ್ಟಿದ್ದ ನನ್ನ ರೇಕು ಎದ್ದು ಹುಡುಗಿಯ ಹುಬ್ಬಿನ ಮೇಲೆ ಕೂತಿತು, ಅವಳದು ಮೇಡಂ ಅವರ ಕನ್ನಡಕ ಸೇರಿತು, ಅಧಿಕಾರಿಗಳದು ಅವರ ಮೀಸೆಯಲ್ಲೇ ಉಳಿಯಿತು. ಗೋಂದಿನ ಮೇಲೆ ಕೂತದ್ದಕ್ಕಿಂತ ಬೆವರಿನ ಮೇಲೆ ಕೂತ ಚಿನ್ನವೇ ಗಟ್ಟಿಯೆಂಬುದನ್ನು ಆ ದಿನ ಎಲ್ಲರೂ ಸಮಾನವಾಗಿ ಕಲಿತೆವು.

ಅಂತೂ ಮುಗಿದ ಚಿತ್ರವನ್ನು ಫ್ರೇಮ್ ಅಂಗಡಿಗೆ ಒಯ್ದೆ. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು, ಡಾಬಿನ ಮೇಲೆ ಬೆರಳಾಡಿಸಿ, "ಮಗು ಎಷ್ಟನೇ ಕ್ಲಾಸು ಸಾರ್?" ಎಂದು ವಿಚಾರಿಸಿದರು.

"ಏಳನೇದು" ಎಂದೆ.

"ಏಳನೇ ಕ್ಲಾಸಿಗೆ ಕೈ ಚೆನ್ನಾಗಿ ಕೂತಿದೆ. ಕ್ಲಾಸು ಬಿಡಿಸಬೇಡಿ, ಮುಂದುವರಿಸಲಿ."

ಆ ಕಲೆಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಮುಂಗಡ ಕೊಟ್ಟೆ. ರಸೀದಿಗೆ ಮಗುವಿನ ಹೆಸರು ಕೇಳಿದಾಗ ನನ್ನ ಹೆಸರನ್ನೇ ಬರೆಸಿದೆ.